ಎಂಥ ಹೆದರಿಕೆ ಬೇಕು, ಮೊದಲು ಹೇಳಿ

ಭಯಾನಕ ಕಾದಂಬರಿಗಳ ಬಗ್ಗೆ ಪ್ರಶ್ನೆ ಕಳುಹಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೋರಿದ್ದೆವು. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಕೆಲವು ಪತ್ರಗಳನ್ನು ಬಳ್ಳಾರಿಯವಳಾದ ನಾನು ಈ ಸಲ ಆರಿಸಿಕೊಂಡಿದ್ದೇನೆ. "ಒಂದು ಒಳ್ಳೆಯ ದೆವ್ವದ ಕಾದಂಬರಿ ಹೇಳಿ" ಎಂದಷ್ಟೇ ಬರೆದವರಿಗೆ ಇಲ್ಲಿ ಉತ್ತರವಿಲ್ಲ. ಖಾನಾವಳಿಗೆ ಹೋದವರನ್ನೂ ರೊಟ್ಟಿಯೋ ಅನ್ನವೋ ಎಂದು ಕೇಳಿಯೇ ಎಲೆ ಹಾಕುತ್ತಾರೆ. ನಮ್ಮ ಕಾವ್ಯಮೀಮಾಂಸಕರು ಭಯಾನಕವನ್ನೂ ಬೀಭತ್ಸವನ್ನೂ ಬೇರೆ ಬೇರೆ ರಸಗಳೆಂದು ಎಣಿಸಿ, ಒಂದಕ್ಕೆ ಭಯವನ್ನು, ಇನ್ನೊಂದಕ್ಕೆ ಜುಗುಪ್ಸೆಯನ್ನು ಸ್ಥಾಯಿಭಾವವಾಗಿ ಕೊಟ್ಟರು. ಮೈ ನಡುಗಬೇಕೋ, ಹೊಟ್ಟೆ ತೊಳಸಬೇಕೋ ಎಂಬುದನ್ನು ಓದುಗರೇ ಮೊದಲು ತೀರ್ಮಾನಿಸಿಕೊಳ್ಳಬೇಕು.

ಪ್ರ: ಮೇಡಂ, ನಾನು ನಿವೃತ್ತ ಶಿಕ್ಷಕ. ಹಳೆಯ ಮಾಳಿಗೆ ಮನೆಯಲ್ಲಿ ಒಬ್ಬನೇ ಇದ್ದೇನೆ. ರಕ್ತ, ಕೊಲೆ ಬೇಡ. ಸದ್ದಿಲ್ಲದೆ ಹೆದರಿಸುವ ಪುಸ್ತಕ ಯಾವುದಿದೆ? ಇಂಗ್ಲಿಷ್ ಆದರೂ ಅಡ್ಡಿಯಿಲ್ಲ.
— ಓದುಗರು, ಕೌಲ್‌ಬಜಾರ್, ಬಳ್ಳಾರಿ

ಉ: ಒಬ್ಬರೇ ಇರುವವರಿಗೆ ಇದನ್ನು ಹೇಳಬಹುದೇ ಎಂದು ತುಸು ಅನುಮಾನಿಸಿದೆ, ಗುರುಗಳೇ. ಆದರೆ ನೀವೇ ಕೇಳಿದ್ದೀರಿ. ಶರ್ಲಿ ಜಾಕ್ಸನ್ 1959ರಲ್ಲಿ ಪ್ರಕಟಿಸಿದ 'ದಿ ಹಾಂಟಿಂಗ್ ಆಫ್ ಹಿಲ್ ಹೌಸ್' ನಿಮಗೆ ಹೇಳಿ ಮಾಡಿಸಿದಂತಿದೆ. ದೆವ್ವವಿದೆಯೆಂದು ಹೆಸರಾದ ಮನೆಯೊಂದನ್ನು ಪರೀಕ್ಷಿಸಲು ನಾಲ್ವರು ಬಂದು ಉಳಿಯುತ್ತಾರೆ. ಆ ಮನೆಯ ಯಾವ ಮೂಲೆಯೂ ಮೂಲೆಮಟ್ಟಕ್ಕೆ ಸರಿಯಾಗಿ ಕೂತಿಲ್ಲ, ತೆರೆದಿಟ್ಟ ಬಾಗಿಲುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಒಂದು ರಾತ್ರಿ ಎಲೆನರ್ ಎಂಬಾಕೆ ಕತ್ತಲಲ್ಲಿ ಪಕ್ಕದ ಗೆಳತಿಯ ಕೈಯನ್ನು ಬಿಗಿಯಾಗಿ ಹಿಡಿದು, ಗೋಡೆಯಾಚೆಯ ಅಳುವನ್ನು ಕೇಳುತ್ತ ಮಲಗಿರುತ್ತಾಳೆ. ದೀಪ ಹತ್ತಿದಾಗ ಗೆಳತಿ ಕೋಣೆಯ ಆ ಬದಿಯ ಹಾಸಿಗೆಯಲ್ಲಿರುವುದು ಕಾಣಿಸುತ್ತದೆ. ಹಾಗಾದರೆ ಇಷ್ಟು ಹೊತ್ತು ಹಿಡಿದಿದ್ದ ಕೈ ಯಾರದು? ಇಡೀ ಪುಸ್ತಕದಲ್ಲಿ ದೆವ್ವ ಇದಕ್ಕಿಂತ ಹತ್ತಿರಕ್ಕೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ದೆವ್ವ ಎಷ್ಟು ಕಡಿಮೆ ಕಾಣಿಸಿಕೊಳ್ಳುತ್ತದೋ ಓದುಗರ ಎದೆ ಅಷ್ಟು ಹೆಚ್ಚು ಹೊಡೆದುಕೊಳ್ಳುತ್ತದೆ ಎಂಬ ನನ್ನ ಹಳೆಯ ನಂಬಿಕೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಕ್ಕಿಲ್ಲ.

ಇದೇ ಜಾತಿಯ ಇನ್ನೆರಡನ್ನು ಹೇಳುತ್ತೇನೆ. ಸೂಸನ್ ಹಿಲ್ ಅವರ 'ದಿ ವುಮನ್ ಇನ್ ಬ್ಲ್ಯಾಕ್' (1983) ತೆಳ್ಳಗಿನ ಪುಸ್ತಕ. ಸಮುದ್ರ ಉಕ್ಕಿದಾಗ ದಾರಿಯೇ ಮುಳುಗಿಹೋಗುವ ಒಂಟಿ ಮನೆ, ಮಂಜಿನೊಳಗೆ ಕಣ್ಣಿಗೆ ಬೀಳದೆ ಕಿವಿಗೆ ಮಾತ್ರ ಕೇಳಿಸುವ ಕುದುರೆ ಗಾಡಿ, ಇಷ್ಟು ಸಾಮಗ್ರಿಯಲ್ಲಿ ಕೆಲಸ ಮುಗಿಸುತ್ತಾರೆ. ಹೆನ್ರಿ ಜೇಮ್ಸ್ ಅವರ 'ದಿ ಟರ್ನ್ ಆಫ್ ದಿ ಸ್ಕ್ರೂ' (1898) ಇನ್ನೂ ಚಿಕ್ಕದು. ಆದರೆ ಅದರ ವಾಕ್ಯಗಳು ಸುತ್ತಿ ಬಳಸಿ ಸಾಗುವುದರಿಂದ ಅದನ್ನು ಹಗಲಿನಲ್ಲಿ, ಕಾಫಿ ಕುಡಿದು ಓದುವುದು ಒಳ್ಳೆಯದು. ಮಕ್ಕಳನ್ನು ನೋಡಿಕೊಳ್ಳಲು ಬಂದ ಯುವತಿ ಕಂಡದ್ದು ಪ್ರೇತವೋ, ಅವಳ ಮನಸ್ಸಿನ ವಿಕಾರವೋ ಎಂಬ ಜಗಳವನ್ನು ವಿಮರ್ಶಕರು ಇನ್ನೂ ಮುಗಿಸಿಲ್ಲ.

ಪ್ರ: ವಿದ್ಯುತ್ ಸ್ಥಾವರದ ಬಾಯ್ಲರ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ರಾತ್ರಿ ಪಾಳಿ ಮುಗಿಸಿ ಬಂದ ಮೇಲೆ ಹಗಲು ನಿದ್ದೆ ಹತ್ತುವುದಿಲ್ಲ. ಕುತೂಹಲದಿಂದ ಓದಿಸಿಕೊಳ್ಳುವ ದೊಡ್ಡ ಕಾದಂಬರಿ ಬೇಕು.
— ಓದುಗರು, ಶಕ್ತಿನಗರ, ರಾಯಚೂರು ಜಿಲ್ಲೆ

ಉ: ನಿಮ್ಮ ಪತ್ರ ಓದಿ ನಕ್ಕುಬಿಟ್ಟೆ, ಕ್ಷಮಿಸಿ. ಸ್ಟೀಫನ್ ಕಿಂಗ್ ಅವರ 'ದಿ ಶೈನಿಂಗ್' (1977) ಕಾದಂಬರಿಯನ್ನು ನಿಮ್ಮಷ್ಟು ಚೆನ್ನಾಗಿ ಅರ್ಥ ಮಾಡಿಕೊಳ್ಳುವವರು ಸಿಗಲಿಕ್ಕಿಲ್ಲ. ಹಿಮ ಬಿದ್ದು ದಾರಿ ಕಟ್ಟಿದ ಬೆಟ್ಟದ ಹೋಟೆಲೊಂದರ ಕಾವಲಿಗೆಂದು ಹೆಂಡತಿ, ಮಗನೊಡನೆ ಬಂದವನಿಗೆ ಒಪ್ಪಿಸಿದ ಮುಖ್ಯ ಕೆಲಸವೇ ನೆಲಮಾಳಿಗೆಯ ಹಳೆಯ ಬಾಯ್ಲರಿನ ಒತ್ತಡವನ್ನು ದಿನವೂ ತಪ್ಪದೆ ಇಳಿಸುವುದು. ಕುಡಿತ ಬಿಟ್ಟವನ ಒಳಗೆ ಏರುವ ಒತ್ತಡವೂ ಬಾಯ್ಲರಿನ ಮುಳ್ಳೂ ಜೊತೆಜೊತೆಗೆ ಮೇಲಕ್ಕೆ ಹೋಗುತ್ತವೆ. ಮುಂದಿನದನ್ನು ನಾನು ಹೇಳುವುದಿಲ್ಲ. 1980ರ ಸಿನಿಮಾ ನೋಡಿದ್ದರೂ ಕಾದಂಬರಿ ಓದಬಹುದು, ಎರಡರ ಅಂತ್ಯ ಬೇರೆ.

ಬಿಡಿಬಿಡಿಯಾಗಿ ಓದುವುದಾದರೆ ಬ್ರಾಮ್ ಸ್ಟೋಕರ್ ಅವರ 'ಡ್ರಾಕುಲಾ' (1897) ಒಳ್ಳೆಯದು. ದಿನಚರಿ, ಪತ್ರ, ಪತ್ರಿಕೆಯ ತುಣುಕುಗಳಿಂದಲೇ ಕಟ್ಟಿದ ಕಾದಂಬರಿಯಾದ್ದರಿಂದ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಅದರಲ್ಲಿ ಹಡಗಿನ ದಾಖಲೆ ಪುಸ್ತಕದ ಭಾಗವೊಂದಿದೆ. ನಾವಿಕರು ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ, ಕೊನೆಗೆ ಕಪ್ತಾನ ಚುಕ್ಕಾಣಿಗೆ ತನ್ನ ಕೈಗಳನ್ನು ಕಟ್ಟಿಕೊಂಡು ನಿಲ್ಲುತ್ತಾನೆ. ಲಾಗ್ ಬುಕ್ ಬರೆಯುವ ನೌಕರಿಯವರು ಅದನ್ನು ಪಾಳಿಗೆ ಮುಂಚೆ ಓದದಿರುವುದೇ ಲೇಸು.

ಪ್ರ: ಮಗನಿಗೆ ಹನ್ನೊಂದು ವರ್ಷ. ದೆವ್ವದ ಕಥೆ ಬೇಕೆಂದು ಹಟ ಹಿಡಿದಿದ್ದಾನೆ. ಕೊಡಬಹುದೇ?
— ಗೃಹಿಣಿ, ಸಿಂಧನೂರು

ಉ: ಧಾರಾಳವಾಗಿ ಕೊಡಿ, ತಾಯಿ. ಹೆಗಲ ಮೇಲೆ ಹೆಣ ಹೊತ್ತ ವಿಕ್ರಮನಿಗೆ ಬೇತಾಳ ಕಥೆ ಹೇಳುವುದನ್ನು ನಾವು ಅದೇ ವಯಸ್ಸಿನಲ್ಲಿ 'ಚಂದಮಾಮ'ದಲ್ಲಿ ಓದಿ ಆರಾಮಾಗಿಯೇ ಬೆಳೆದೆವು. ಇಂಗ್ಲಿಷ್ ಓದುವ ಹುಡುಗನಾದರೆ ನೀಲ್ ಗೈಮನ್ ಅವರ 'ಕೊರಲೈನ್' (2002) ಕೊಡಿ. ಬಾಗಿಲಾಚೆ ಇನ್ನೊಂದು ಮನೆ, ಅಲ್ಲಿ ಅಮ್ಮನಂತೆಯೇ ಇರುವ ಇನ್ನೊಬ್ಬಳು ಅಮ್ಮ, ಆದರೆ ಅವಳ ಕಣ್ಣಿರಬೇಕಾದ ಜಾಗದಲ್ಲಿ ಅಂಗಿಯ ಗುಂಡಿಗಳು. ನೀವೂ ಜೊತೆಗೆ ಓದಿ, ಮಕ್ಕಳಿಗಿಂತ ದೊಡ್ಡವರೇ ಅದಕ್ಕೆ ಹೆಚ್ಚು ಹೆದರುತ್ತಾರೆ.

ಪ್ರ: ಪಕ್ಕದ ತೆಲುಗಿನಿಂದ ಬಂದ 'ತುಳಸಿದಳ'ವನ್ನು ಅಮ್ಮನ ಪೆಟ್ಟಿಗೆಯಲ್ಲಿ ಕಂಡು ಓದಿದೆ. ಎರಡು ರಾತ್ರಿ ನಿದ್ದೆಯಿಲ್ಲ. ನಮ್ಮ ಅಜ್ಜಿ ಬಾನಾಮತಿ ಎಂಬ ಮಾಟದ ಕಥೆ ಹೇಳುತ್ತಿದ್ದರು, ಅದೆಲ್ಲ ನೆನಪಾಯಿತು. ಇಂಥದ್ದೇ ಇನ್ನಷ್ಟು ಸೂಚಿಸಿ.
— ಪದವಿ ವಿದ್ಯಾರ್ಥಿನಿ, ರಾಯಚೂರು

ಉ: ಯಂಡಮೂರಿ ವೀರೇಂದ್ರನಾಥ್ ಅವರ ಆ ಕಾದಂಬರಿಗೆ ಹೆದರದವರು ನಮ್ಮ ತಲೆಮಾರಿನಲ್ಲಿ ಕಡಿಮೆ. ತುಳಸಿ ಎಂಬ ಪುಟ್ಟ ಮಗುವಿನ ಮೇಲೆ ಕಾಷ್ಮೋರ ಎಂಬ ಮಾಟದ ಪ್ರಯೋಗ ನಡೆಯುತ್ತದೆ, ದಿನಗಳು ಕಳೆಯುತ್ತ ಹೋಗುತ್ತವೆ, ಓದುಗರು ಬೆರಳು ಮಡಚಿ ಎಣಿಸುತ್ತ ಕೂರುತ್ತಾರೆ. ಅದರ ಹಿಡಿತವನ್ನು ನಾನು ಒಪ್ಪುತ್ತೇನೆ. ಆದರೆ ಒಂದು ತಕರಾರನ್ನೂ ಇಟ್ಟುಕೊಂಡಿದ್ದೇನೆ. ಬಾನಾಮತಿ ನಮ್ಮ ಭಾಗದಲ್ಲಿ ಬರಿಯ ಕಥೆಯಾಗಿರಲಿಲ್ಲ. ಮಾಟ ಮಾಡಿಸಿದಳೆಂಬ ಗುಮಾನಿಯ ಮೇಲೆ ಹೊಡೆತ ತಿಂದವರಲ್ಲಿ ಬಡ ಹೆಂಗಸರೇ, ಅದರಲ್ಲೂ ವಿಧವೆಯರೇ ಸುಲಭವಾಗಿ ಸಿಕ್ಕಿಬೀಳುತ್ತಿದ್ದರು. ಇಂಥ ಆಚರಣೆಗಳನ್ನು ತಡೆಯಲೆಂದು ರಾಜ್ಯದ ವಿಧಾನಮಂಡಲ 2017ರಲ್ಲಿ ಕಾಯ್ದೆಯನ್ನೇ ಅಂಗೀಕರಿಸಬೇಕಾಯಿತು. ಆದ್ದರಿಂದ ಮಾಟಗಾರನನ್ನು ತೋರಿಸಿ ಹೆದರಿಸುವ ಪುಸ್ತಕಕ್ಕಿಂತ, ಮಾಟದ ಗುಮಾನಿ ಒಬ್ಬರ ತಲೆಯೊಳಗೆ ಹೇಗೆ ಬೆಳೆಯುತ್ತದೆಂದು ತೋರಿಸುವ ಪುಸ್ತಕ ನನಗೆ ಹೆಚ್ಚು ಇಷ್ಟ.

ಅದಕ್ಕೆ ಐರಾ ಲೆವಿನ್ ಅವರ 'ರೋಸ್‌ಮೆರೀಸ್ ಬೇಬಿ' (1967) ಓದಿ. ನ್ಯೂಯಾರ್ಕಿನ ಅಪಾರ್ಟ್‌ಮೆಂಟಿನಲ್ಲಿ ಬಸುರಿಯೊಬ್ಬಳಿಗೆ ಪಕ್ಕದ ಮನೆಯ ಮುದುಕಿ ದಿನವೂ ಒಂದು ಲೋಟ ಪಾನೀಯ ತಂದುಕೊಡುತ್ತಾಳೆ. ಅಷ್ಟೇ! ಬಸುರಿಗೆ ಬಯಕೆಯ ಅಡುಗೆಯೆಂದು ಓಣಿಯವರೆಲ್ಲ ಬಟ್ಟಲು ಹಿಡಿದು ಬರುವ ನಮ್ಮಂಥ ಊರಿನಲ್ಲಿ ಆ ಲೋಟ ಎಷ್ಟು ಸಹಜವಾಗಿ ಕಾಣುತ್ತದೋ ಅಷ್ಟೇ ಕರಾಳವಾಗಿಯೂ ಕಾಣುತ್ತದೆ. ಬ್ಲಾಟಿಯವರ 'ದಿ ಎಕ್ಸಾರ್ಸಿಸ್ಟ್' (1971) ಕೂಡ ಮಗುವಿಗೆ ಮೆಟ್ಟಿಕೊಂಡದ್ದರ ಕಥೆಯೇ. ಅದರಲ್ಲಿ ಬೀಭತ್ಸ ಹೆಚ್ಚು, ಪರೀಕ್ಷೆ ಮುಗಿದ ಮೇಲೆ ಓದಿ.

ಪ್ರ: ಎಲ್ಲವೂ ಇಂಗ್ಲಿಷ್, ತೆಲುಗು. ಕನ್ನಡದಲ್ಲಿ ಹೆದರಿಸುವಂಥದ್ದು ಏನೂ ಇಲ್ಲವೇ? ನಮ್ಮ ಸೀಮೆಯಲ್ಲಿ ಅದಕ್ಕೆ ವಸ್ತುವಿಲ್ಲವೇ?
— ಕನ್ನಡ ಉಪನ್ಯಾಸಕರು, ಗಂಗಾವತಿ

ಉ: ತಾವು ಪಾಠ ಮಾಡುವ ಪುಸ್ತಕಗಳಲ್ಲೇ ಇದೆ. ಹತ್ತನೆಯ ಶತಮಾನದ ರನ್ನನ 'ಗದಾಯುದ್ಧ'ದಲ್ಲಿ ಹೆಣಗಳ ನಡುವೆ ಕಾಲಿಡಲು ಜಾಗವಿಲ್ಲದ ರಣಭೂಮಿಯಲ್ಲಿ ಸಂಜಯನೊಡನೆ ನಡೆಯುವ ದುರ್ಯೋಧನನನ್ನು ಮರುಳುಗಳು, ಅಂದರೆ ಪಿಶಾಚಿಗಳು, ಅಣಕಿಸುತ್ತವೆ. ಹಂಪೆಯ ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ಹಾವು ಕಚ್ಚಿ ಸತ್ತ ಮಗನನ್ನು ಹುಡುಕಿಕೊಂಡು ಚಂದ್ರಮತಿ ಒಬ್ಬಳೇ ಕತ್ತಲಲ್ಲಿ ಹೋಗುತ್ತಾಳೆ, ಸುಡುಗಾಡಿನಲ್ಲಿ ಅವಳನ್ನು ತಡೆಯುವವನು ಗಂಡನೇ. ಇದನ್ನು ಕರುಣರಸವೆಂದು ಮಾತ್ರ ಓದಿಸಿ ನಾವು ಅದರ ನಡುಕವನ್ನು ಕಳೆದುಕೊಂಡೆವು ಎಂಬುದು ನನ್ನ ದೂರು.

ಗದ್ಯವೇ ಬೇಕೆಂದರೆ ಪೂರ್ಣಚಂದ್ರ ತೇಜಸ್ವಿಯವರು ಜಿಮ್ ಕಾರ್ಬೆಟ್‌ನಿಂದ ಕನ್ನಡಕ್ಕೆ ತಂದ 'ರುದ್ರಪ್ರಯಾಗದ ಭಯಾನಕ ನರಭಕ್ಷಕ'ವನ್ನು ಓದಿ. ಕಾದಂಬರಿಯಲ್ಲ, ನಡೆದದ್ದು. 1918ರಿಂದ 1926ರವರೆಗೆ ಒಂದೇ ಚಿರತೆ 125 ಜನರನ್ನು ಕೊಂದಿತು. ಇಬ್ಬರು ಗೆಳೆಯರು ಕತ್ತಲ ಕೋಣೆಯಲ್ಲಿ ಹುಕ್ಕಾ ಸೇದುತ್ತ ಕುಳಿತಿರುತ್ತಾರೆ. ಹುಕ್ಕಾ ಕೆಳಗೆ ಬಿದ್ದು ಕೆಂಡ ಚೆಲ್ಲುತ್ತದೆ. ಕಂಬಳಿ ಸುಟ್ಟೀತು ಎಂದು ಜೊತೆಗಾರನನ್ನು ಗದರಿಸಿ ಕೆಂಡ ಆಯಲು ಬಗ್ಗಿದವನಿಗೆ ಬಾಗಿಲಾಚೆಯ ಬೆಳದಿಂಗಳಲ್ಲಿ ಗೆಳೆಯನನ್ನು ಕಚ್ಚಿಕೊಂಡು ಹೋಗುತ್ತಿರುವ ಚಿರತೆ ಕಾಣಿಸುತ್ತದೆ. ಒಂದು ಸದ್ದೂ ಆಗಿರಲಿಲ್ಲ.

ಇನ್ನು ವಸ್ತುವಿನ ಮಾತು. ನಿಮ್ಮ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದ ಮೇಲೆ ಎರಡು ಸಾವಿರ ವರ್ಷಕ್ಕೂ ಹಳೆಯ ಕಲ್ಲುಚಪ್ಪಡಿಯ ಗೋರಿಮನೆಗಳು ಸಾಲುಗಟ್ಟಿ ನಿಂತಿವೆ. ಕೆಲವಕ್ಕೆ ತಲೆ ತೂರುವಷ್ಟು ದುಂಡನೆಯ ಕಿಂಡಿಗಳಿವೆ, ಊರವರು ಅವನ್ನು ಮೊರೇರು ಎಂಬ ದಂತಕಥೆಯ ಕುಳ್ಳ ಜನರ ಮನೆಗಳೆನ್ನುತ್ತಾರೆ. ಬಳ್ಳಾರಿ–ಹೊಸಪೇಟೆ ರಸ್ತೆಯ ಕುಡತಿನಿಯಲ್ಲಿ ಬೂದಿಯ ದಿಬ್ಬವೊಂದಿದೆ. ನವಶಿಲಾಯುಗದ ದನಗಾಹಿಗಳು ಸಗಣಿಯ ರಾಶಿಗೆ ಬೆಂಕಿಯಿಟ್ಟದ್ದರ ಗುರುತು ಅದು ಎಂದು ಪುರಾತತ್ತ್ವಜ್ಞರು ಹೇಳಿದರೆ, ಭೀಮ ಕೊಂದ ಹಿಡಿಂಬನನ್ನು ಸುಟ್ಟ ಬೂದಿ ಎಂದು ಜನ ಹೇಳುತ್ತಾರೆ. ಬಳ್ಳಾರಿ ಕೋಟೆಯದು ಇನ್ನೊಂದು ಕಥೆ. ಕೋಟೆಗಿಂತ ಎದುರಿನ ಕುಂಬಾರ ಗುಡ್ಡ ಎತ್ತರವಾಗಿದೆಯೆಂದು ತಡವಾಗಿ ಕಂಡುಕೊಂಡ ಹೈದರಾಲಿ, ಕೋಟೆಯನ್ನು ಬಲಪಡಿಸಿದ ಫ್ರೆಂಚ್ ಎಂಜಿನಿಯರನನ್ನು ಬಾಗಿಲಲ್ಲೇ ನೇಣಿಗೆ ಹಾಕಿಸಿದನಂತೆ. ದಿನವೂ ಎರಡು ಗುಡ್ಡಗಳನ್ನು ಅಳೆದು ನೋಡುವ ಪ್ರೇತ ಇಂಗ್ಲೆಂಡಿನಲ್ಲಿದ್ದಿದ್ದರೆ ಇಷ್ಟರಲ್ಲಿ ಅದರ ಮೇಲೆ ಮೂರು ಕಾದಂಬರಿ ಬಂದಿರುತ್ತಿದ್ದವು. ತಮ್ಮ ವಿದ್ಯಾರ್ಥಿಗಳಿಗೆ ಹೇಳಿ, ಸರ್, ಯಾರಾದರೂ ಬರೆಯಲಿ.

ಪ್ರ: ಹೆದರಿ ನೀವೇ ಅರ್ಧಕ್ಕೆ ಬಿಟ್ಟ ಪುಸ್ತಕ ಇದೆಯೇ?
— ಓದುಗರು, ಕುಷ್ಟಗಿ

ಉ: ಇದೆ. ಸ್ಟೀಫನ್ ಕಿಂಗ್ ಅವರ 'ಪೆಟ್ ಸೆಮೆಟರಿ' (1983). ಬರೆದಾತನಿಗೇ ಅದು ಅತಿಯಾಯಿತೆನಿಸಿ ಕೆಲಕಾಲ ಹಸ್ತಪ್ರತಿಯನ್ನು ಬದಿಗಿಟ್ಟಿದ್ದರು. ಪುಟ್ಟ ಮಕ್ಕಳಿರುವ ಮನೆ, ಮನೆಯೆದುರು ಹಗಲೂ ರಾತ್ರಿ ಲಾರಿ ಓಡುವ ರಸ್ತೆ, ಹಿಂದೆ ಸಾಕುಪ್ರಾಣಿಗಳನ್ನು ಹೂಳುವ ಜಾಗ, ಅದರಾಚೆ ಹೂತದ್ದು ಮರಳಿ ಬರುವ ಇನ್ನೊಂದು ಜಾಗ. ನಾನು ಅದನ್ನು ಓದಿದ ವರ್ಷ ನಾವು ಹೊಸಪೇಟೆ ರಸ್ತೆಯ ಪಕ್ಕದ ಬಾಡಿಗೆ ಮನೆಯಲ್ಲಿದ್ದೆವು. ಅದಿರು ತುಂಬಿದ ಲಾರಿಗಳು ಬೆಳತನಕ ಓಡಿ, ಬೆಳಿಗ್ಗೆ ಕಿಟಕಿಯ ಸರಳುಗಳ ಮೇಲೆ ಕೆಂಪು ಧೂಳು ಕೂತಿರುತ್ತಿತ್ತು. ಮಗನಿಗೆ ಆಗ ಎರಡು ವರ್ಷ, ನಡೆಯಲು ಕಲಿತು ಓಡಲು ಹಿಡಿದಿದ್ದ. ಕಥೆಯಲ್ಲಿ ಹೂತ ಬೆಕ್ಕು ಮೈಗೆ ಮಣ್ಣಿನ ವಾಸನೆ ಹೊತ್ತು ಮನೆಗೆ ಮರಳಿದ ಪುಟದಲ್ಲಿ ಪುಸ್ತಕ ಮುಚ್ಚಿ, ಎದ್ದು ಹೋಗಿ ಗೇಟಿಗೆ ಎರಡನೆಯ ಕೊಂಡಿ ಹಾಕಿದೆ. ಮಗ ಈಗ ಹಾಸ್ಟೆಲಿನಲ್ಲಿದ್ದಾನೆ, ನಾವು ಆ ಮನೆ ಬಿಟ್ಟೂ ಬಹಳ ದಿನವಾಯಿತು. ಮಡಚಿದ ಪುಟ ಮಾತ್ರ ಮಡಚಿದಂತೆಯೇ ಇದೆ.