ಮುಟ್ಟು ನಿಲ್ಲುವ ಕಾಲದ ಸುಸ್ತಿಗೆ ಟಾನಿಕ್ ಸಾಕೇ?

ಪ್ರಶ್ನೆ: ನಾನು 47 ವರ್ಷದ ಶಾಲಾ ಶಿಕ್ಷಕಿ. ವರ್ಷದಿಂದ ಮುಟ್ಟು ಏರುಪೇರಾಗಿದ್ದು, ಎರಡು ತಿಂಗಳು ಬಾರದೆ, ಬಂದಾಗ ಎಂಟು–ಹತ್ತು ದಿನ ವಿಪರೀತ ಸ್ರಾವವಾಗುತ್ತದೆ. ರಾತ್ರಿ ಮೈಯೆಲ್ಲ ಬೆವೆತು ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ಮಧ್ಯಾಹ್ನ ನಿಂತು ಪಾಠ ಮಾಡಲು ತ್ರಾಣವಿಲ್ಲದೆ ಪದೇ ಪದೇ ಕಾಫಿ ಕುಡಿಯುತ್ತೇನೆ. ಮನೆಯವರು ‘ವಯಸ್ಸಾಯಿತು, ಇದೆಲ್ಲ ಇದ್ದದ್ದೇ’ ಎನ್ನುತ್ತಾರೆ. ಒಳ್ಳೆಯ ಟಾನಿಕ್ ಸೂಚಿಸಿ.
– ಹೆಸರು ಬೇಡ, ತಿಪಟೂರು

ಉತ್ತರ: ‘ಇದ್ದದ್ದೇ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ, ಆ ಒಂದು ಮಾತಿನಿಂದಾಗಿ ಎಷ್ಟೋ ಹೆಣ್ಣುಮಕ್ಕಳು ರಕ್ತಹೀನತೆಯನ್ನೇ ವಯಸ್ಸೆಂದು ತಿಳಿದು ವರ್ಷಗಟ್ಟಲೆ ಸಹಿಸಿಕೊಳ್ಳುತ್ತಾರೆ. ನಿಮ್ಮ ಪತ್ರದಲ್ಲಿ ನನ್ನ ಗಮನ ಮೊದಲು ಹೋದದ್ದು ಸ್ರಾವದ ಕಡೆಗೆ. ಈ ವಯಸ್ಸಿನಲ್ಲಿ ಕೆಲವು ತಿಂಗಳು ಅಂಡಾಣು ಬಿಡುಗಡೆಯಾಗುವುದಿಲ್ಲವಾದ್ದರಿಂದ ಪ್ರೊಜೆಸ್ಟರಾನ್ ಹಾರ್ಮೋನು ಸಾಕಷ್ಟು ಉತ್ಪತ್ತಿಯಾಗದೆ, ಗರ್ಭಕೋಶದ ಒಳಪದರ ದಪ್ಪಗಾಗಿ, ಮುಟ್ಟು ಬಂದಾಗ ಹೆಚ್ಚು ರಕ್ತ ಹೋಗುತ್ತದೆ. ಗಡ್ಡೆಯಂತಹ ಬೇರೆ ಕಾರಣಗಳೂ ಇರಬಹುದಾದ್ದರಿಂದ ಸ್ತ್ರೀರೋಗ ತಜ್ಞರನ್ನು ಕಂಡು ಸ್ಕ್ಯಾನಿಂಗ್ ಮಾಡಿಸಿ. ಜೊತೆಗೆ ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್, ಬಿ12 ಮತ್ತು ಸಕ್ಕರೆಯ ಪರೀಕ್ಷೆಗಳಾಗಲಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ಅದು ಸರಿಯಿದ್ದೂ ಫೆರಿಟಿನ್, ಅಂದರೆ ದೇಹದಲ್ಲಿನ ಕಬ್ಬಿಣದ ದಾಸ್ತಾನು, ಬರಿದಾಗಿದ್ದರೆ ಸುಸ್ತು ಕಾಡುತ್ತದೆ. ಕಾರಣ ತಿಳಿಯುವವರೆಗೆ ಟಾನಿಕ್ಕಿಗೆ ಹಣ ಹಾಕಬೇಡಿ.

ಕಾಫಿಯನ್ನು ಬಿಡಬೇಕಿಲ್ಲ. ಆದರೆ ಊಟದ ಜೊತೆಗೋ ಊಟವಾದ ಕೂಡಲೇ ಕುಡಿದರೆ ಅದು ಆಹಾರದ ಕಬ್ಬಿಣಾಂಶವನ್ನು ಹೀರಿಕೊಳ್ಳಲು ಅಡ್ಡಿಪಡಿಸುತ್ತದೆ. ಒಂದು ಗಂಟೆಯ ಅಂತರವಿರಲಿ. ಮಧ್ಯಾಹ್ನದ ನಂತರದ ಕಾಫಿ ರಾತ್ರಿಯ ನಿದ್ದೆಯನ್ನೂ ಕೆಡಿಸುತ್ತದೆ. ಬೆವರಿನ ಕಾಟಕ್ಕೆ ತೆಳು ಹತ್ತಿಬಟ್ಟೆ, ಗಾಳಿಯಾಡುವ ಕೋಣೆ, ಖಾರ ಕಡಿಮೆಯಿರುವ ಬೇಗನೆಯ ಊಟ ಸ್ವಲ್ಪ ನೆರವಾಗುತ್ತವೆ. ಅಷ್ಟಕ್ಕೆ ತಗ್ಗದಿದ್ದರೆ ಹಾರ್ಮೋನ್ ಚಿಕಿತ್ಸೆಯ ಬಗ್ಗೆ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ. 60 ವರ್ಷದೊಳಗಿನ ಆರೋಗ್ಯವಂತರಲ್ಲಿ ಅದರಿಂದ ಸಾಮಾನ್ಯವಾಗಿ ಅಪಾಯಕ್ಕಿಂತ ಪ್ರಯೋಜನವೇ ಹೆಚ್ಚು. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ, ಬೇರೆ ಔಷಧಿಗಳಿವೆ.

ಬೆಳಗ್ಗೆ ಮನೆಮಂದಿಗೆಲ್ಲ ಡಬ್ಬಿ ಕಟ್ಟಿಕೊಟ್ಟು, ತಾವು ಎರಡು ಚಮಚ ಚಿತ್ರಾನ್ನ ತಿಂದು ಬಸ್ಸು ಹಿಡಿಯುವ ಶಿಕ್ಷಕಿಯರನ್ನು ನಾನು ಬಹಳ ನೋಡಿದ್ದೇನೆ. 55 ಕಿಲೋ ತೂಕದವರಿಗೆ ದಿನಕ್ಕೆ ಕನಿಷ್ಠ 45 ಗ್ರಾಂ ಪ್ರೋಟೀನ್ ಬೇಕು. ಅನ್ನ, ತಿಳಿಸಾರಿನಲ್ಲಿ ಅದು ಸಿಗುವುದಿಲ್ಲ. ತಿಂಡಿಗೆ ಮೊಟ್ಟೆಯೋ ನಿಂಬೆಹಣ್ಣು ಹಿಂಡಿದ ಹೆಸರುಕಾಳಿನ ಉಸಲಿಯೋ, ಡಬ್ಬಿಗೆ ಮೊಳಕೆ ಹುರುಳಿಯ ಪಲ್ಯ ಮತ್ತು ಮೊಸರು, ರಾತ್ರಿ ಮುದ್ದೆಗೆ ಕಾಳಿನ ಸಾರು ಇರಲಿ. ನಡಿಗೆಯ ಜೊತೆಗೆ, ವಾರಕ್ಕೆ ಎರಡು ದಿನವಾದರೂ ಕೈಯೂರದೆ ಕುರ್ಚಿಯಿಂದ ಹತ್ತು ಬಾರಿ ಎದ್ದು ಕೂರುವಂತಹ, ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವನ್ನು ಮಾಡಿ.

ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ, ಎದೆ ಬಡಿತ ಹೆಚ್ಚಿದರೆ, ಗಂಟೆಗೊಂದು ಪ್ಯಾಡ್ ಬದಲಿಸುವಷ್ಟು ಸ್ರಾವವಾದರೆ ಮುಂದಿನ ರಜೆಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.