ಆಪ್-ಆಂಪ್, ಟ್ರಾನ್ಸಿಸ್ಟರ್ ಎರಡೂ ಕೂಡಿದ ಸರ್ಕ್ಯೂಟ್ ಬಿಡಸೂದು ಹ್ಯಾಂಗ?

ಬರೇ ಆಪ್-ಆಂಪ್ ಇದ್ರ ಬಿಡಸ್ತೀನಿ, ಬರೇ ಟ್ರಾನ್ಸಿಸ್ಟರ್ ಇದ್ರೂ ಬಿಡಸ್ತೀನಿ, ಎರಡೂ ಕೂಡಿದ್ರ ಸಮೀಕರಣ ಪುಟಗಟ್ಟಲೆ ಆಗ್ತಾವು ಅಂತ ಕೇಳೀರಿ. ನಾ ಬೆಳಗಾವಿ ಉದ್ಯಮಬಾಗದಾಗ ಫೌಂಡ್ರಿ, ಮಷಿನ್ ಶಾಪ್‌ನವರ ಬೋರ್ಡ್ ರಿಪೇರಿ ಮಾಡಾಂವ, ಇಂಜಿನಿಯರಿಂಗ್ ಹುಡುಗ್ರು ಬಂದು ಇದನ್ನ ಕೇಳ್ತಿರ್ತಾರ. ಮೊದಲ ಪೆನ್ ಕೆಳಗ ಇಡ್ರಿ, ಫೀಡ್‌ಬ್ಯಾಕ್ (ಔಟ್‌ಪುಟ್ ತಿರುಗಿ ಇನ್‌ಪುಟ್ಟಿಗೆ ಬರೂ ದಾರಿ) ಎಲ್ಲಿಂದ ಎಲ್ಲಿಗೆ ಹೊಂಟೈತಿ ಬಟ್ಟು ಇಟ್ಟು ಹುಡುಕ್ರಿ.

ಉದಾಹರಣೆಗೆ 12 ವೋಲ್ಟ್ ಸಪ್ಲೈ, ಎಲ್‌ಎಂ358 ಆಪ್-ಆಂಪ್ ಐಸಿ, ಅದರ ಪ್ಲಸ್ ಪಿನ್ನಿಗೆ 1 ವೋಲ್ಟ್. ಔಟ್‌ಪುಟ್ 1ಕೆ (1000 ಓಮ್) ದಾಟಿ ಎನ್‌ಪಿಎನ್ ಟ್ರಾನ್ಸಿಸ್ಟರಿನ ಬೇಸಿಗೆ, ಎಮಿಟರಿಂದ ಗ್ರೌಂಡಿಗೆ 10 ಓಮ್, ಆ ಎಮಿಟರಿಂದನ ಮೈನಸ್ ಪಿನ್ನಿಗೆ ವಾಪಸ್ ವೈರ್, ಲೋಡ್ ಸಪ್ಲೈಗೂ ಕಲೆಕ್ಟರಿಗೂ ನಡುವ. ನೆಗೆಟಿವ್ ಫೀಡ್‌ಬ್ಯಾಕ್ ಐತಿ, ಅಂದ್ರ ಔಟ್‌ಪುಟ್ ಏರಿದ್ರ ವಾಪಸ್ ಬಂದು ಅದನ್ನ ಇಳಸ್ತೈತಿ, ಹಂಗಾಗಿ ಎರಡೂ ಪಿನ್ ಒಂದ ವೋಲ್ಟೇಜ್, ಎಮಿಟರ್ 1 ವೋಲ್ಟ್, 10 ಓಮ್‌ನಾಗ 100 ಮಿಲಿಆಂಪ್, ಮುಗೀತು. ಬೀಟಾ (ಕಲೆಕ್ಟರ್ ಕರೆಂಟ್ ಬೇಸ್ ಕರೆಂಟಿನ ಎಷ್ಟು ಪಟ್ಟು ಅನ್ನೂದು) ಇನ್ನೂ ಕೇಳೇ ಇಲ್ಲ ನೋಡ್ರಿ! ಈಗ ಹಿಂದಕ್ಕ ನಡೀರಿ: ಬೇಸ್ ಎಮಿಟರಿಗಿಂತ 0.7 ಮ್ಯಾಲ, ಅಂದ್ರ 1.7, ಬೀಟಾ 50 ಹಿಡಿದ್ರ ಬೇಸ್ ಕರೆಂಟ್ 2 ಮಿಲಿಆಂಪ್, 1ಕೆ ಮ್ಯಾಲ 2 ವೋಲ್ಟ್, ಔಟ್‌ಪುಟ್ 3.7. ಬೀಟಾ 100 ಆದ್ರ ಔಟ್‌ಪುಟ್ 2.7ಕ್ಕ ಇಳೀತೈತಿ, ಲೋಡಿನ ಕರೆಂಟ್ ಮಾತ್ರ ಹೆಚ್ಚುಕಡಿಮಿ ಅಷ್ಟ ಇರ್ತೈತಿ.

ಆಮ್ಯಾಲ ಎರಡೂ ಪಿನ್ ಒಂದ ವೋಲ್ಟೇಜ್ ಅಂತ ಹಿಡಿದಿದ್ದು ಖರೇ ಐತೇನು ನೋಡ್ರಿ, ಇದನ್ನ ಯಾರೂ ಮಾಡೂದಿಲ್ಲ. ಲೋಡ್ 50 ಓಮ್ ಇದ್ರ ಕಲೆಕ್ಟರ್ 7 ವೋಲ್ಟ್, ಟ್ರಾನ್ಸಿಸ್ಟರ್ ಮ್ಯಾಲ 6, ಸರಿ ಐತಿ, ಆದ್ರ 0.6 ವ್ಯಾಟ್ ಬಿಸಿ, ಬಿಸಿ547 ಅನ್ನೂ ಸಣ್ಣ ಟ್ರಾನ್ಸಿಸ್ಟರ್ ತಡ್ಯಾಂಗಿಲ್ಲ, ದೊಡ್ಡದು ಬಿಡಿ139 ಹಚ್ರಿ. ಲೋಡ್ 120 ಓಮ್ ಆದ್ರ ಅದಕ್ಕ 12 ವೋಲ್ಟ್ ಬೇಕು, ಎಲ್ಲಿಂದ ತರೂದು? ಟ್ರಾನ್ಸಿಸ್ಟರ್ ಸ್ಯಾಚುರೇಟ್ ಆತು, ಅಂದ್ರ ಪೂರ್ತಿ ತೆರೀತು, ಇನ್ನ ಹೆಚ್ಚು ಬಿಡಾಕ ಆಗಂಗಿಲ್ಲ, ಲೆಕ್ಕ ಕೆಡ್ತು.

ಒಂದು ಮೋಸ ಐತಿ. ಸರ್ಕ್ಯೂಟಿನ ಔಟ್‌ಪುಟ್ ಎಮಿಟರ್ ಬದ್ಲಿ ಕಲೆಕ್ಟರಿಂದ ತಗೊಂಡಿದ್ರ ಟ್ರಾನ್ಸಿಸ್ಟರ್ ಸಿಗ್ನಲ್ ತಿರುವಿ ಹಾಕ್ತೈತಿ, ಆಗ ಫೀಡ್‌ಬ್ಯಾಕ್ ಪ್ಲಸ್ ಪಿನ್ನಿಗೆ ಬಂದಿರ್ತೈತಿ, ಆದ್ರೂ ಅದು ನೆಗೆಟಿವ್ ಫೀಡ್‌ಬ್ಯಾಕ. ಪಿನ್ನಿನ ಚಿಹ್ನೆ ನೋಡಿ ಪಾಸಿಟಿವ್ ಅನಬ್ಯಾಡ್ರಿ, ಪೂರ್ತಿ ಸುತ್ತು ಹಾಕಿ ಎಷ್ಟು ಸಲ ತಿರುಗ್ತು ಎಣಸ್ರಿ.

ಮೇಲಿನಂಥದ್ದ ಒಂದು ಬೋರ್ಡ್ ಬಂದಿತ್ತು ನನ್ನ ಹತ್ರ. ಪ್ಲಸ್ ಪಿನ್ 1 ವೋಲ್ಟ್, ಮೈನಸ್ 0.1, ಔಟ್‌ಪುಟ್ ಮ್ಯಾಲ 10ರ ಹತ್ರ ಹೋಗಿ ಕುಂತಿತ್ತು. ಐಸಿ ಹೋಗೇತಿ ಅಂತ ಎರಡು ಸಲ ಬದಲಿಸಿದೆ, ಅದ ರೀಡಿಂಗ್. ಚಹಾ ಕುಡ್ಯಾಗ ಹೊಳೀತು, ಐಸಿ ಪಾಪ ತನ್ನ ಕೆಲಸಾನ ಮಾಡಾಕತ್ತೈತಿ, ಎಮಿಟರ್ ಏರವಲ್ದು ಅಂತ ಬೇಸ್ ಜಗ್ಗಾಕತ್ತೈತಿ, 1ಕೆ ದಾಟಿ ಬಂದ ಆ 9-10 ಮಿಲಿಆಂಪಷ್ಟ 10 ಓಮ್‌ಗೆ ಸಿಗ್ತೈತಿ, ಕಲೆಕ್ಟರಿಂದ ಏನೂ ಬರವಲ್ದು. ಹೋಗಿ ಲೋಡಿನ ಕನೆಕ್ಟರ್ ಬಿಚ್ಚಿದ್ರ ಒಳಗ ಪಿನ್ ಸುಟ್ಟು ಕರ್ರಗಾಗಿತ್ತು.