ಅತ್ತೆಗೆ ಕ್ರೋಶಾ, ನಿಟ್ಟಿಂಗ್ ಎರಡೂ ಬರುತ್ತದೆ. ಕೇಳೋಕೆ ಸಂಕೋಚ. ಯೂಟ್ಯೂಬ್ ನೋಡಿಯೇ ಕಲಿಯಬಹುದಾ?

ಕಲಿಯಬಹುದು. ಆದರೆ ಅತ್ತೆಯವರಿಗೆ 71 ವರ್ಷ, ನಿಮ್ಮ ಜೊತೆಯಲ್ಲೇ ಇದ್ದಾರೆ, ಮುಂದೆ ಮಗಳಿಗೂ ಹೇಳಿಕೊಡುವ ಆಸೆ ಇದೆ ಅಂತ ಬರೆದಿದ್ದೀರಿ. ಹಾಗಿದ್ದರೆ ದಯವಿಟ್ಟು ಮೊದಲು ಅವರನ್ನೇ ಕೇಳಿ. ಯೂಟ್ಯೂಬ್ ಎಲ್ಲಿಗೂ ಹೋಗುವುದಿಲ್ಲ.

ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ನಾನು ಕೇಳಲಿಲ್ಲ. ನಮ್ಮದು ಬಸವನಗುಡಿಯ ಹಳೇ ಮನೆ. ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟ ಮೇಲೆ ಅಮ್ಮ ಜಗಲಿಯಲ್ಲಿ ಕೂತು ಬಿಳಿ ದಾರದಲ್ಲಿ ಕ್ರೋಶಾ ಹಾಕುತ್ತಿದ್ದರು. ಟೀಪಾಯ್ ಬಟ್ಟೆ, ಬಾಗಿಲ ತೋರಣ, ರೇಡಿಯೋ ಕವರ್. ತುದಿಯಲ್ಲಿ ಕೊಕ್ಕೆಯಿರುವ ಒಂದೇ ಕಡ್ಡಿಯಲ್ಲಿ ಹಾಕುವ ಕ್ರೋಶಾದಲ್ಲಿ ಚೈನು, ಕಂಬ ಅನ್ನುವ ಸ್ಟಿಚ್ಚುಗಳು, ಎರಡು ಕಡ್ಡಿಯಲ್ಲಿ ಹಾಕುವ ನಿಟ್ಟಿಂಗ್‌ನಲ್ಲಿ ಸೀದಾ, ಉಲ್ಟಾ, ಇಷ್ಟನ್ನು ನನಗೆ ಕಲಿಸಿದ್ದರು. ಅವರ ಅನಾನಸ್ ಡಿಸೈನ್ ಮಾತ್ರ ಆಮೇಲೆ ಕಲಿತರಾಯಿತು ಅಂತ ಬಿಟ್ಟೆ. ಅಮ್ಮ ಏನನ್ನೂ ಬರೆದಿಟ್ಟವರಲ್ಲ. 2011ರಲ್ಲಿ ಹೋಗಿಬಿಟ್ಟರು.

ಆಮೇಲೆ ಒಂದು ದಿನ ಅವರ ಟೀಪಾಯ್ ಬಟ್ಟೆಯನ್ನು ಕಪ್ಪು ದಿಂಬಿನ ಮೇಲೆ ಹರಡಿಕೊಂಡು ಕೂತೆ. ಕಪ್ಪಿನ ಮೇಲೆ ಬಿಳಿ ದಾರ ಚೆನ್ನಾಗಿ ಕಾಣುತ್ತದೆ. ನಡುವಿನ ಉಂಗುರದಿಂದ ಶುರು ಮಾಡಿ ಸುತ್ತು ಸುತ್ತಾಗಿ ಎಣಿಸಿದೆ. ಹತ್ತು ಕಂಬಕ್ಕೊಂದು ಗುಂಡುಪಿನ್ನು. ಲೆಕ್ಕ ತಪ್ಪಿದರೆ ಪಿನ್ನು ತೆಗೆದು ಮತ್ತೆ ಮೊದಲಿಂದ. ಕ್ರೋಶಾದಲ್ಲಿ ಹಾಕಿದ ಒಂದೊಂದು ಸ್ಟಿಚ್ಚೂ ಕಣ್ಣಿಗೆ ಕಾಣುತ್ತದೆ, ಹಾಗಾಗಿ ತಾಳ್ಮೆ ಇದ್ದರೆ ಓದಿಕೊಳ್ಳಬಹುದು. ಎರಡು ತಿಂಗಳಲ್ಲಿ ಇಡೀ ಡಿಸೈನ್ ನೋಟ್‌ಬುಕ್ಕಿಗೆ ಇಳಿಯಿತು.

ಅದನ್ನು ನೋಡಿಕೊಂಡು ಹಾಕಿದೆ. ಅಂಚೆಲ್ಲ ಮುದುರಿತು, ಬಟ್ಟಲಿನ ಹಾಗೆ ಎದ್ದು ನಿಂತಿತು. ಅಮ್ಮನದು ನೀಟಾಗಿ ಮಲಗುತ್ತಿತ್ತು. ಬಿಚ್ಚಿದೆ, ಸಡಿಲವಾಗಿ ಹಾಕಿದೆ, ಆಗಲೂ ಅದೇ ಕಥೆ. ಕೊನೆಗೆ ಚಿಕ್ಕಮ್ಮ ಬಂದಾಗ ತೋರಿಸಿದರೆ, "ಅಯ್ಯೋ, ಅಕ್ಕ ತೆಳು ಗಂಜೀಲಿ ಅದ್ದಿ, ಹಾಸಿಗೆ ಮೇಲೆ ಎಳೆದು ಪಿನ್ನು ಚುಚ್ಚಿ ಒಣಗಿಸ್ತಿದ್ಲಲ್ಲೇ, ನಿಂಗೊತ್ತಿಲ್ವಾ?" ಅಂದರು. ನನಗೆ ಗೊತ್ತಿರಲಿಲ್ಲ. ನಾನು ಆ ಹೊತ್ತಿಗೆ ಸ್ಕೂಲಿನಲ್ಲೋ ಕಾಲೇಜಿನಲ್ಲೋ ಇರುತ್ತಿದ್ದೆ. ಬಟ್ಟೆಯನ್ನು ಎಷ್ಟು ಎಣಿಸಿದರೂ ಗಂಜಿಯ ವಿಷಯ ಅದು ಹೇಳುತ್ತಿರಲಿಲ್ಲ.

ನಿಟ್ಟಿಂಗ್‌ಗೆ ಯಂತ್ರ ಬಂದು ಬಹಳ ಕಾಲವಾಯಿತು. ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲೇ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ. ಕ್ರೋಶಾ ಮಾತ್ರ ಇವತ್ತಿಗೂ ಕೈಕೆಲಸವೇ. ಆಂಧ್ರದ ನರಸಾಪುರದಲ್ಲಿ ಹೆಂಗಸರು ಮನೆಯಲ್ಲೇ ಕೂತು ಹಾಕುವ ಕ್ರೋಶಾ ಲೇಸ್‌ಗೆ 2024ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಆ ಊರಿನದೇ ವಿಶೇಷ ಅನ್ನುವ ಸರ್ಕಾರಿ ಗುರುತು, ಸಿಕ್ಕಿತು. ಅಂಥ ಕೆಲಸ ಗೊತ್ತಿರುವವರು ನಿಮ್ಮ ಮನೆಯಲ್ಲೇ ಇದ್ದಾರೆ.

ಈಗ ಸಂಕೋಚದ ಮಾತು. "ನನಗೆ ಕಲಿಸಿ" ಅಂತ ಹೇಳೋಕೆ ಕಷ್ಟವಾದರೆ, ಉಲ್ಲನ್ ತರೋಕೆ ಅತ್ತೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್‌ನಲ್ಲಿ ದಾರ, ಲೇಸು, ಮಣಿ ಎಲ್ಲ ಒಂದೇ ಕಡೆ ಸಿಗುತ್ತದೆ. ಆ ಜನಜಂಗುಳಿ ಅವರಿಗೆ ಕಷ್ಟ ಅನಿಸಿದರೆ ಮಲ್ಲೇಶ್ವರ, ಜಯನಗರದ ಕಡೆ ಹೊಲಿಗೆ ಸಾಮಾನಿನ ಅಂಗಡಿಗಳಿವೆ. ಅಂಗಡಿಯಲ್ಲಿ ಆರಿಸುವ ಕೆಲಸ ಅವರಿಗೇ ಬಿಡಿ. ಎಳೆಯನ್ನು ಬೆರಳಲ್ಲಿ ಹೊಸೆದು, ಎಳೆದು ನೋಡಿ ಅವರೇ ಹೇಳೋಕೆ ಶುರು ಮಾಡುತ್ತಾರೆ. ನೀವು ತಿಳಿಬಣ್ಣದ ದಪ್ಪ ಎಳೆ ಕೇಳಿ. ಕಪ್ಪು, ನೇವಿ ಬ್ಲೂ ಬೇಡ, ಕುಣಿಕೆ ಎಲ್ಲಿದೆ ಅಂತಲೇ ಕಾಣುವುದಿಲ್ಲ. ಕ್ರೋಶಾದ ಸಣ್ಣ ಬಿಳಿ ದಾರವೂ ಈಗಲೇ ಬೇಡ. ಇಲ್ಲಿ ಉಲ್ಲನ್ ಅಂತ ಕೊಡುವುದು ಜಾಸ್ತಿ ಅಕ್ರಿಲಿಕ್. ನಮ್ಮ ಡಿಸೆಂಬರ್ ಬೆಳಗಿನ 15-16 ಡಿಗ್ರಿಗೆ ಅದು ಸಾಕು. ಬಿಸಿ ಇಸ್ತ್ರಿ ಮಾತ್ರ ಇಡಬೇಡಿ, ಕರಗುತ್ತದೆ.

ನಿಟ್ಟಿಂಗ್ ಕಡ್ಡಿಯ ನಂಬರ್ ವಿಷಯದಲ್ಲಿ ಹುಷಾರು. ನಮ್ಮವರು ಹೇಳುವುದು ಬ್ರಿಟಿಷರ ಹಳೇ ಲೆಕ್ಕ. ಅದರಲ್ಲಿ ನಂಬರ್ ದೊಡ್ಡದಾದಷ್ಟು ಕಡ್ಡಿ ಸಣ್ಣ. 8ನೇ ನಂಬರ್ ಅಂದರೆ 4 ಮಿಲಿಮೀಟರ್, 12 ಅಂದರೆ 2.75. ಅಮೆರಿಕದ ವಿಡಿಯೋದಲ್ಲಿ 8 ಅಂದರೆ 5 ಮಿಲಿಮೀಟರ್. ಹೆಸರುಗಳಲ್ಲೂ ಇದೇ ತಾಪತ್ರಯ. ಅಮೆರಿಕದವರು ಸಿಂಗಲ್ ಕ್ರೋಶೆ ಅನ್ನುವುದನ್ನೇ ಬ್ರಿಟಿಷ್ ಪುಸ್ತಕಗಳು ಡಬಲ್ ಕ್ರೋಶೆ ಅನ್ನುತ್ತವೆ. ಅತ್ತೆ ಒಂದು ಹೇಳಿ, ವಿಡಿಯೋ ಇನ್ನೊಂದು ಹೇಳಿದರೆ ಅವರೇ ತಪ್ಪು ಅಂದುಕೊಳ್ಳಬೇಡಿ. ಮಿಲಿಮೀಟರ್ ನೋಡಿ, ಕೈ ನೋಡಿ.

ಮೊದಲ ದಿನ ನಿಟ್ಟಿಂಗ್ ಕಡ್ಡಿಗೆ 20 ಸ್ಟಿಚ್ ಅವರಿಂದಲೇ ಹಾಕಿಸಿಕೊಳ್ಳಿ. ಬರೀ ಸೀದಾ ಸಾಲುಗಳನ್ನೇ ಹಾಕುತ್ತಾ ಹೋಗಿ. ನಡುವೆ ಒಂದು ಕುಣಿಕೆ ಜಾರಿ ಏಣಿಯ ಹಾಗೆ ಕೆಳಗಿಳಿದರೆ ಗಾಬರಿ ಬೇಡ, ಕ್ರೋಶಾ ಕಡ್ಡಿಯಿಂದ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ತರಬಹುದು. ಅತ್ತೆ ನಿಮ್ಮ ಸಾಲುಗಳನ್ನು ಬಿಚ್ಚಿಸುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ. ನಮ್ಮಮ್ಮ ಪೂರ್ತಿ ಸ್ವೆಟರನ್ನೇ ಬಿಚ್ಚಿ, ಸುರುಳಿ ಸುರುಳಿಯಾದ ಉಲ್ಲನ್ನನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಕೆಳಗೆ ಚೊಂಬು ಕಟ್ಟಿ ಒಣಹಾಕುತ್ತಿದ್ದರು. ಆ ಭಾರಕ್ಕೆ ಎಳೆ ನೇರವಾಗುತ್ತಿತ್ತು. ನನ್ನ ಮೆರೂನ್ ಸ್ವೆಟರ್ ಹಾಗೇ ತಮ್ಮನಿಗಾಯಿತು, ಆಮೇಲೆ ಅವನ ಮಗುವಿಗೆ ಕುಲಾವಿ ಆಯಿತು.

ಮಗಳು ಎಡಗೈಯವಳಾ? ನನ್ನ ಮಗಳು ಹೌದು. ಪಕ್ಕದಲ್ಲಿ ಕೂರಿಸಿಕೊಂಡು ಒಂದು ವಾರ ಒದ್ದಾಡಿದೆವು. ಎದುರಿಗೆ ಕೂರಿಸಿದ ದಿನ, ಕನ್ನಡಿ ನೋಡಿದ ಹಾಗೆ ನನ್ನ ಕೈ ನೋಡುತ್ತಾ ಹಾಕಿಬಿಟ್ಟಳು.

ಇನ್ನೊಂದು ಕೆಲಸ ಇವತ್ತೇ ಮಾಡಬಹುದು. ಅತ್ತೆ ಹಾಕುವಾಗ ಅವರ ಕೈಗಳನ್ನು ಫೋನಿನಲ್ಲಿ ಹತ್ತಿರದಿಂದ ವಿಡಿಯೋ ಮಾಡಿಕೊಳ್ಳಿ. ದಾರ ಯಾವ ಬೆರಳಿಗೆ ಸುತ್ತುತ್ತಾರೆ, ಕಡ್ಡಿ ಹೇಗೆ ಹಿಡಿಯುತ್ತಾರೆ ಕಾಣಲಿ. ಮಾತೂ ಬರಲಿ. ಮತ್ತೆ, ಗಂಜಿ ಎಷ್ಟು ತೆಳ್ಳಗಿರಬೇಕು ಅಂತ ಮರೆಯದೆ ಕೇಳಿ, ಇಲ್ಲಿ ಬರೆಯಿರಿ. ನನಗೆ ಆ ಹದ ಇನ್ನೂ ಸಿಕ್ಕಿಲ್ಲ.